ತಿರುಗದ ಹರಿವು: ಕ್ಯಾಪಿಲ್ಲರಿ ಎಲೆಕ್ಟ್ರೋಫೊರೆಸಿಸ್‌ನಲ್ಲಿ ವಿಲೋಮ ಇಒಎಫ್ ದೋಷ ನಿವಾರಣೆ

ಬಾವಿ ನೀರು, ಸುರಂಗದ ನೀರು, ಗದ್ದೆಯ ನೀರು, ಬೊಂಡದ ನೀರು. ಕಾಸರಗೋಡಿನ ಕಡೆ ಋಣ ಅಯಾನುಗಳ ಪರೀಕ್ಷೆಗೆ ಬರುವ ಮಾದರಿಗಳು ಹೆಚ್ಚಾಗಿ ಇವೇ. ಕ್ಯಾಪಿಲ್ಲರಿ ಎಲೆಕ್ಟ್ರೋಫೊರೆಸಿಸ್ ಎಂದರೆ ಕ್ಯಾಪಿಲ್ಲರಿ ಎಂಬ ಕೂದಲೆಳೆಯಂಥ ಕೊಳವೆಯಲ್ಲಿ ವೋಲ್ಟೇಜ್ ಕೊಟ್ಟು ಅಯಾನುಗಳನ್ನು ಬೇರ್ಪಡಿಸುವ ವಿಧಾನ. ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಫ್ಲೋರೈಡ್, ಫಾಸ್ಫೇಟ್ ಇವೆಲ್ಲ ಒಂದೇ ರನ್‌ನಲ್ಲಿ ನಾಲ್ಕೈದು ನಿಮಿಷದೊಳಗೆ ಕಾಣಬೇಕಾದರೆ ಕ್ಯಾಪಿಲ್ಲರಿಯೊಳಗಿನ ಎಲೆಕ್ಟ್ರೋಆಸ್ಮೋಟಿಕ್ ಹರಿವನ್ನು, ಅಂದರೆ ಇಒಎಫ್ ಅನ್ನು, ಉಲ್ಟಾ ತಿರುಗಿಸಲೇಬೇಕು. ತಿರುಗುವಿಕೆ ಸರಿಯಾಗಿ ಆಗದಿದ್ದರೆ ಪೀಕ್ ಬಾರದು, ತಡವಾಗಿ ಬಂದೀತು, ದಿನಕ್ಕೊಂದು ಜಾಗದಲ್ಲಿ ಬಂದೀತು. ಆಗ ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿ ಎಂಜಿನಿಯರ್‌ಗೆ ಫೋನ್ ಮಾಡುವ ಮೊದಲು ಕ್ಯಾಪಿಲ್ಲರಿಯ ಒಳಗೋಡೆಯ ಸ್ಥಿತಿ ತಿಳಿದುಕೊಳ್ಳಿ. ಅದು ಪೀಕ್‌ಗಳು ಬರುವ ಹೊತ್ತಿನಲ್ಲೇ ಇದೆ. ಅದನ್ನು ಓದಲು ಬಂದರೆ ಮುಕ್ಕಾಲು ಪಾಲು ದೋಷಗಳು ಒಂದು ಬಾಟಲಿ ಬಫರ್‌ನ ಖರ್ಚಿನಲ್ಲೇ ಮುಗಿಯುತ್ತವೆ.

ಇಲ್ಲಿನ ಅಂಕಿಗಳೆಲ್ಲ ಒಂದು ಸಾಮಾನ್ಯ ಜೋಡಣೆಗೆ ಸೇರಿದವು: 75 ಮೈಕ್ರೋಮೀಟರ್ ಒಳವ್ಯಾಸದ ಬರಿಯ ಫ್ಯೂಸ್ಡ್ ಸಿಲಿಕಾ ಕ್ಯಾಪಿಲ್ಲರಿ, ಒಟ್ಟು ಉದ್ದ 60 ಸೆಂ.ಮೀ., ಡಿಟೆಕ್ಟರ್ ಕಿಟಕಿಯವರೆಗೆ 50 ಸೆಂ.ಮೀ., 20 ಕಿಲೋವೋಲ್ಟ್, 25 ಡಿಗ್ರಿ ಸೆಲ್ಸಿಯಸ್. ಬಫರ್ 5 ಮಿಲಿಮೋಲಾರ್ ಸೋಡಿಯಂ ಕ್ರೋಮೇಟ್ ಮತ್ತು 0.5 ಮಿಲಿಮೋಲಾರ್ ಟಿಟಿಎಬಿ (ಟೆಟ್ರಾಡೆಸೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್), ಪಿಎಚ್ ಸುಮಾರು 8. ಪತ್ತೆ 254 ನ್ಯಾನೋಮೀಟರ್‌ನಲ್ಲಿ, ಪರೋಕ್ಷ ಯುವಿ ವಿಧಾನದಿಂದ: ಬಫರ್‌ನ ಕ್ರೋಮೇಟ್ ಬೆಳಕು ಹೀರುತ್ತದೆ, ಮಾದರಿಯ ಅಯಾನು ಬಂದ ಕಡೆ ಆ ಹೀರಿಕೆ ಇಳಿಯುತ್ತದೆ.

## ಹರಿವು ತಿರುಗುವುದು ಹೇಗೆ

ಸಿಲಿಕಾ ಗೋಡೆಯ ಮೇಲಿನ ಸಿಲನಾಲ್ ಗುಂಪುಗಳು ಪಿಎಚ್ 3 ದಾಟಿದಂತೆ ಹೈಡ್ರೋಜನ್ ಬಿಟ್ಟು ಋಣವಾಗುತ್ತವೆ. ಅದಕ್ಕೆ ಅಂಟಿಕೊಂಡಂತೆ ದ್ರವದಲ್ಲಿ ಧನ ಅಯಾನುಗಳ ತೆಳು ಪದರವೊಂದು ನಿಲ್ಲುತ್ತದೆ. ವೋಲ್ಟೇಜ್ ಕೊಟ್ಟಾಗ ಈ ಪದರ ಋಣ ಎಲೆಕ್ಟ್ರೋಡ್‌ನತ್ತ ಸರಿದು ಇಡೀ ದ್ರವವನ್ನು ಜೊತೆಗೆ ಎಳೆಯುತ್ತದೆ. ಇದು ಸಹಜ ಇಒಎಫ್. ಋಣ ಅಯಾನುಗಳು ಇದಕ್ಕೆ ವಿರುದ್ಧವಾಗಿ ಈಜಬೇಕು.

ಟಿಟಿಎಬಿ ಅಥವಾ ಸಿಟಿಎಬಿಯಂಥ (ಸೀಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್) ಧನ ಸರ್ಫ್ಯಾಕ್ಟೆಂಟ್, ಅಂದರೆ ಧನ ತಲೆ ಮತ್ತು ನೀರಿಗೆ ಒಗ್ಗದ ಉದ್ದ ಬಾಲ ಇರುವ ಸಾಬೂನಿನಂಥ ವಸ್ತು, ಸೇರಿಸಿದರೆ ಮೊದಲು ಅದರ ಧನ ತಲೆಗಳು ಗೋಡೆಯ ಋಣ ಜಾಗಗಳಿಗೆ ಅಂಟುತ್ತವೆ. ಗೋಡೆ ತಟಸ್ಥವಾಗುತ್ತ ಬರುತ್ತದೆ. ಸಾಂದ್ರತೆ ಇನ್ನಷ್ಟು ಏರಿದಾಗ, ಅಂಟಿದವುಗಳ ಬಾಲಕ್ಕೆ ಇನ್ನೊಂದು ಸಾಲಿನ ಬಾಲ ತಾಗಿಕೊಂಡು ಎರಡನೇ ಪದರ ಕೂರುತ್ತದೆ. ಈ ಸಾಲಿನ ಧನ ತಲೆಗಳು ದ್ರವದ ಕಡೆ ಮುಖ ಮಾಡಿರುತ್ತವೆ. ಹೀಗೆ ಗೋಡೆ ಧನವಾಗಿ, ಪಕ್ಕದ ದ್ರವದಲ್ಲಿ ಋಣ ಅಯಾನುಗಳ ಪದರ ಬಂದು, ಹರಿವು ಧನ ಎಲೆಕ್ಟ್ರೋಡ್‌ನತ್ತ ತಿರುಗುತ್ತದೆ. ಇಷ್ಟಾಗಲು ಮಿಸೆಲ್ (ದ್ರವದಲ್ಲಿ ಸರ್ಫ್ಯಾಕ್ಟೆಂಟ್ ಅಣುಗಳು ಕಟ್ಟುವ ಗುಂಪು) ಕಟ್ಟುವಷ್ಟು ಸಾಂದ್ರತೆ ಬೇಕಿಲ್ಲ. ಶುದ್ಧ ನೀರಿನಲ್ಲಿ ಸಿಟಿಎಬಿ ಮಿಸೆಲ್ ಕಟ್ಟುವುದು ಸುಮಾರು 0.9 ಮಿಲಿಮೋಲಾರ್‌ನಲ್ಲಿ, ಟಿಟಿಎಬಿ ಅದಕ್ಕಿಂತ ಎಷ್ಟೋ ಮೇಲೆ, 3.5ರಿಂದ 4ರ ಆಸುಪಾಸಿನಲ್ಲಿ. ಹರಿವು ತಿರುಗುವುದು ಇವಕ್ಕಿಂತ ಬಹಳ ಕೆಳಗೆ.

ನಡುವೆ ಒಂದು ಅಪಾಯದ ವಲಯ ಇದೆ: ಗೋಡೆ ಋಣವೂ ಅಲ್ಲ, ಧನವೂ ಅಲ್ಲ. ಅಲ್ಲಿ ಸರ್ಫ್ಯಾಕ್ಟೆಂಟ್ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಹರಿವು ದೊಡ್ಡದಾಗಿ ಬದಲಾಗುತ್ತದೆ. 'ನಿನ್ನೆ ಸರಿಯಿತ್ತು, ಇವತ್ತು ಇಲ್ಲ' ಎನ್ನುವ ದೂರುಗಳಲ್ಲಿ ಬಹಳಷ್ಟು ಈ ವಲಯದಲ್ಲಿ ಹುಟ್ಟಿದವು.

## ಮೊದಲು ಈ ಲೆಕ್ಕ ಕೈಯಲ್ಲಿರಲಿ

ಚಲನಶೀಲತೆಯ, ಅಂದರೆ ವಿದ್ಯುತ್ ಕ್ಷೇತ್ರದಲ್ಲಿ ಅಯಾನು ಎಷ್ಟು ವೇಗವಾಗಿ ಓಡುತ್ತದೆ ಎಂಬುದರ, ಅಂಕಿಗಳನ್ನು 10⁻⁴ ಚದರ ಸೆಂ.ಮೀ. ಪ್ರತಿ ವೋಲ್ಟ್-ಸೆಕೆಂಡ್ ಲೆಕ್ಕದಲ್ಲಿ ಓದಿಕೊಳ್ಳಿ. ಅತಿ ದುರ್ಬಲ ದ್ರಾವಣದಲ್ಲಿ ಕ್ಲೋರೈಡ್‌ಗೆ 7.9, ಸಲ್ಫೇಟ್‌ಗೆ 8.3, ನೈಟ್ರೇಟ್‌ಗೆ 7.4, ಫ್ಲೋರೈಡ್‌ಗೆ 5.7. ನಿಜವಾದ ಬಫರ್‌ನಲ್ಲಿ ಇವು ತುಸು ಕಡಿಮೆ, ಆದರೆ ರೋಗ ಗುರುತಿಸಲು ಇಷ್ಟು ಸಾಕು.

ಸೂತ್ರ ಸರಳ. ಕಿಟಕಿಯವರೆಗಿನ ಉದ್ದವನ್ನು ಒಟ್ಟು ಉದ್ದದಿಂದ ಗುಣಿಸಿ, ವೋಲ್ಟೇಜ್‌ನಿಂದ ಭಾಗಿಸಿ, ಬಂದದ್ದನ್ನು ಪೀಕ್‌ನ ಸಮಯದಿಂದ ಭಾಗಿಸಿದರೆ ಒಟ್ಟು ಚಲನಶೀಲತೆ ಸಿಗುತ್ತದೆ: ಅಯಾನಿನದ್ದಕ್ಕೆ ಇಒಎಫ್ ಕೂಡಿದ್ದು, ಎದುರು ಹರಿವಾದರೆ ಕಳೆದದ್ದು. ಮೇಲಿನ ಜೋಡಣೆಗೆ 50 × 60 ÷ 20,000 = 0.15.

ಹರಿವು ಚೆನ್ನಾಗಿ ತಿರುಗಿ ಇಒಎಫ್ 4ರಷ್ಟಿದ್ದರೆ ಕ್ಲೋರೈಡ್ 2.1 ನಿಮಿಷಕ್ಕೆ, ಫ್ಲೋರೈಡ್ 2.6 ನಿಮಿಷಕ್ಕೆ ಬರುತ್ತದೆ. ತಟಸ್ಥ ವಸ್ತು, ಅಂದರೆ ಮಾದರಿಯ ನೀರು, 6.25 ನಿಮಿಷಕ್ಕೆ ಕ್ರೋಮೇಟ್ ತೆಳುವಾದ ಒಂದು ಗುಳಿಯಾಗಿ ಕಾಣುತ್ತದೆ.

ಹರಿವು ಸೊನ್ನೆಯಾದರೆ ಕ್ಲೋರೈಡ್ 3.2 ನಿಮಿಷ, ಫ್ಲೋರೈಡ್ 4.4 ನಿಮಿಷ. ನೀರಿನ ಗುಳಿ ಬರುವುದೇ ಇಲ್ಲ.

ಹರಿವು ತಿರುಗದೆ ಸಹಜ ದಿಕ್ಕಿನಲ್ಲೇ 5ರಷ್ಟಿದ್ದರೆ ಕ್ಲೋರೈಡ್ 8.6 ನಿಮಿಷ, ಫ್ಲೋರೈಡ್ ಸುಮಾರು 36 ನಿಮಿಷ. 6ಕ್ಕೆ ಏರಿದರೆ ಕ್ಲೋರೈಡ್ 13 ನಿಮಿಷಕ್ಕೆ ಕಷ್ಟಪಟ್ಟು ತಲುಪುತ್ತದೆ, ಫ್ಲೋರೈಡ್ ಹಿಂದಕ್ಕೆ ಕೊಚ್ಚಿಹೋಗಿ ಇಂಜೆಕ್ಷನ್ ವಯಲ್‌ಗೆ ಬೀಳುತ್ತದೆ.

ನಿಮ್ಮ ಕ್ಯಾಪಿಲ್ಲರಿಯ ಉದ್ದಕ್ಕೆ ತಕ್ಕಂತೆ ಈ ಮೂರು ಸ್ಥಿತಿಗಳ ಸಮಯ ಲೆಕ್ಕ ಹಾಕಿ ಯಂತ್ರದ ಪಕ್ಕ ಅಂಟಿಸಿಡಿ. ಮುಂದಿನ ಲಕ್ಷಣಗಳಲ್ಲಿ ಅರ್ಧದಷ್ಟು ಈ ಚೀಟಿಯಿಂದಲೇ ಬಿಡಿಸಿಕೊಳ್ಳುತ್ತವೆ.

## ಲಕ್ಷಣ: ಕರೆಂಟು ಸರಿಯಿದೆ, ಪೀಕ್ ಒಂದೂ ಇಲ್ಲ

ಈ ಬಫರ್‌ಗೆ ಸುಮಾರು 20 ಮೈಕ್ರೋಆಂಪಿಯರ್ ಬರಬೇಕು. ಅದು ಬಂದು, ಗೆರೆ ಮಾತ್ರ ಸಪಾಟಾಗಿದ್ದರೆ ಈ ಕ್ರಮದಲ್ಲಿ ನೋಡಿ.

ಧ್ರುವದ ದಿಕ್ಕು. ಇಂಜೆಕ್ಷನ್ ತುದಿ ಋಣವಾಗಿರಬೇಕು, ಡಿಟೆಕ್ಟರ್ ತುದಿ ಧನ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದನ್ನು −20 ಎಂದು ಬರೆಯಬೇಕು, ಕೆಲವದರಲ್ಲಿ 'ರಿವರ್ಸ್' ಎಂಬ ಗುಂಡಿ ಇರುತ್ತದೆ. ಹಳೆಯ ಮೆಥಡ್ ಫೈಲ್ ನಕಲು ಮಾಡಿಕೊಂಡಾಗ ಇದೇ ಮೊದಲು ತಪ್ಪುವುದು. ಹರಿವು ತಿರುಗಿಸಿ ಧ್ರುವ ತಿರುಗಿಸದಿದ್ದರೆ ಅಯಾನು, ನೀರು ಎರಡೂ ಡಿಟೆಕ್ಟರ್‌ಗೆ ಬೆನ್ನು ಹಾಕಿ ಹೊರಡುತ್ತವೆ. ಎಷ್ಟು ಹೊತ್ತು ಕಾದರೂ ಏನೂ ಬಾರದು.

ಮಾದರಿ ಒಳಹೋಗಿದೆಯೇ? ವಯಲ್‌ನಲ್ಲಿ ದ್ರವದ ಮಟ್ಟ ಕ್ಯಾಪಿಲ್ಲರಿ ತುದಿಗಿಂತ ಮೇಲಿರಬೇಕು. ತುದಿಯ ಮೇಲೆ ಗಾಳಿಗುಳ್ಳೆ ಕೂತಿರಬಾರದು. ಟಿಟಿಎಬಿ ಇರುವ ಬಫರ್ ನೊರೆ ಕಟ್ಟುತ್ತದೆ, ಹಾಗಾಗಿ ವಯಲ್ ತುಂಬುವಾಗ ಗೋಡೆಯ ಮೇಲಿಂದ ನಿಧಾನವಾಗಿ ಇಳಿಸಿ.

ದೀಪ ಮತ್ತು ತರಂಗಾಂತರ. ಪರೋಕ್ಷ ವಿಧಾನದಲ್ಲಿ ಹಿನ್ನೆಲೆಯ ಹೀರಿಕೆ ಹೆಚ್ಚಿರಬೇಕು. ಕ್ಯಾಪಿಲ್ಲರಿಯನ್ನು ನೀರಿನಿಂದ ತುಂಬಿ ಸೊನ್ನೆ ಮಾಡಿ, ಆಮೇಲೆ ಕ್ರೋಮೇಟ್ ತುಂಬಿ. ಹೀರಿಕೆ ಸ್ಪಷ್ಟವಾಗಿ ಏರಬೇಕು. ಏರದಿದ್ದರೆ ತರಂಗಾಂತರ ತಪ್ಪಿದೆ, ಇಲ್ಲವೇ ಕಿಟಕಿ ಬೆಳಕಿನ ದಾರಿಯಲ್ಲಿ ಕೂತಿಲ್ಲ. ಹೀರಿಕೆ ಸರಿಯಾಗಿ ಏರಿ ಪೀಕ್ ಮಾತ್ರ ಬಾರದಿದ್ದರೆ ಡಿಟೆಕ್ಟರ್ ಬಿಟ್ಟು ಮುಂದಿನ ಲಕ್ಷಣಕ್ಕೆ ಹೋಗಿ.

## ಲಕ್ಷಣ: ಕ್ಲೋರೈಡ್ ಬಹಳ ತಡ, ಫ್ಲೋರೈಡ್ ಫಾಸ್ಫೇಟ್ ನಾಪತ್ತೆ

ಇದು ಹರಿವು ತಿರುಗದ ಸ್ಪಷ್ಟ ಗುರುತು. ವೇಗದ ಅಯಾನುಗಳು ಎದುರು ಹರಿವಿನಲ್ಲೂ ಈಜಿ ಬರುತ್ತವೆ, ನಿಧಾನದವು ಸೋಲುತ್ತವೆ. ಯಂತ್ರದ ಮೇಲೆ ಅನುಮಾನ ಬೇಡ. ಗೋಡೆಗೆ ಸರ್ಫ್ಯಾಕ್ಟೆಂಟ್ ತಲುಪಿಲ್ಲ, ತಲುಪಿದ್ದು ಸಾಲಲಿಲ್ಲ, ಅಥವಾ ತಲುಪಿದ್ದನ್ನು ಏನೋ ಕಿತ್ತುಹಾಕಿದೆ.

ಮೊದಲ ಪರೀಕ್ಷೆಗೆ ಖರ್ಚಿಲ್ಲ: ಬಫರ್ ಬಾಟಲಿಯನ್ನು ಮೆಲ್ಲಗೆ ಅಲುಗಿಸಿ. 0.5 ಮಿಲಿಮೋಲಾರ್ ಟಿಟಿಎಬಿ ಇದ್ದರೆ ನೊರೆ ಕಾಣಲೇಬೇಕು. ನೊರೆ ಇಲ್ಲದ ಬಫರ್ ಎಂದರೆ ಟಿಟಿಎಬಿ ಹಾಕಲು ಮರೆತ ಬಫರ್.

ನೊರೆ ಇದ್ದರೆ ತೂಕದ ಲೆಕ್ಕ ನೋಡಿ. 100 ಮಿ.ಲೀ. ಬಫರ್‌ಗೆ ಟಿಟಿಎಬಿ 16.8 ಮಿಲಿಗ್ರಾಂ, ಸಿಟಿಎಬಿಯಾದರೆ 18.2 ಮಿಲಿಗ್ರಾಂ. ಇಷ್ಟು ಸಣ್ಣ ತೂಕವನ್ನು ನೇರವಾಗಿ ತೂಗಿ ಹಾಕುವುದು ಸರಿಯಲ್ಲ. ಮಳೆಗಾಲದಲ್ಲಿ ಪುಡಿ ತೇವ ಹೀರಿರುತ್ತದೆ, ಚಮಚಕ್ಕೂ ಕಾಗದಕ್ಕೂ ಅಂಟುತ್ತದೆ. 336 ಮಿಲಿಗ್ರಾಂ ಟಿಟಿಎಬಿಯನ್ನು 100 ಮಿ.ಲೀ.ನಲ್ಲಿ ಕರಗಿಸಿ 10 ಮಿಲಿಮೋಲಾರ್ ದಾಸ್ತಾನು ಮಾಡಿಟ್ಟುಕೊಂಡು, ಅದರಿಂದ 5 ಮಿ.ಲೀ. ತೆಗೆದು 100ಕ್ಕೆ ಏರಿಸಿ. ನೊರೆ ಪೂರ್ತಿ ಇಳಿದ ಮೇಲೆಯೇ ಗುರುತಿನವರೆಗೆ ನೀರು ತುಂಬಬೇಕು.

ಕ್ರೋಮೇಟ್‌ನಲ್ಲೂ ಒಂದು ಹಳ್ಳ ಇದೆ. ನೀರಿಲ್ಲದ ಸೋಡಿಯಂ ಕ್ರೋಮೇಟ್ ಆದರೆ 100 ಮಿ.ಲೀ.ಗೆ 81 ಮಿಲಿಗ್ರಾಂ, ನಾಲ್ಕು ನೀರಿನ ಹರಳಾದರೆ 117 ಮಿಲಿಗ್ರಾಂ. ಬಾಟಲಿಯ ಚೀಟಿ ಓದದೆ 81 ಹಾಕಿದರೆ ಬಫರ್ ಮೂರನೇ ಒಂದರಷ್ಟು ತೆಳುವಾಗುತ್ತದೆ. ಆಗ ಕರೆಂಟು 20ರ ಬದಲು 14ರ ಹತ್ತಿರ ನಿಲ್ಲುತ್ತದೆ. ಈ ದೋಷಕ್ಕೆ ಅಮ್ಮೀಟರೇ ಸಾಕ್ಷಿ.

ಹವಾನಿಯಂತ್ರಿತ ಕೋಣೆಯಲ್ಲಿ ಸಿಟಿಎಬಿ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಸುಮಾರು 25 ಡಿಗ್ರಿಗಿಂತ ಕೆಳಗೆ ಸಿಟಿಎಬಿ ಸರಿಯಾಗಿ ಕರಗಿ ನಿಲ್ಲುವುದಿಲ್ಲ, ಹರಳಾಗಿ ತಳಕ್ಕೆ ಇಳಿಯುತ್ತದೆ. ಏಸಿಯನ್ನು 20ಕ್ಕೆ ಇಟ್ಟು ರಾತ್ರಿ ಬಾಟಲಿ ಬಿಟ್ಟುಹೋದರೆ ಬೆಳಿಗ್ಗೆ ದ್ರಾವಣದಲ್ಲಿ ಉಳಿದಿರುವುದು ಎಷ್ಟು ಎಂದು ಹೇಳಲಾಗದು, ಹರಳು ಕ್ಯಾಪಿಲ್ಲರಿಗೆ ಹೋದರೆ ದಾರಿಯೂ ಕಟ್ಟುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಸೂಜಿಯಂಥ ಹೊಳಪು ಇದೆಯೇ ನೋಡಿ. ನಮ್ಮ ಅಭಿಪ್ರಾಯದಲ್ಲಿ ಏಸಿ ಕೋಣೆಗೆ ಟಿಟಿಎಬಿಯೇ ಲೇಸು.

ಇಷ್ಟೆಲ್ಲ ಸರಿಯಿದ್ದರೆ ತೊಳೆಯುವ ಕ್ರಮ ನೋಡಿ. ಸೋಡಿಯಂ ಹೈಡ್ರಾಕ್ಸೈಡ್ ಗೋಡೆಯ ಧನ ಪದರವನ್ನು ಕಿತ್ತು ಹೊಸ ಋಣ ಜಾಗಗಳನ್ನು ತೆರೆಯುತ್ತದೆ. ಪ್ರತಿ ರನ್ ನಡುವೆ ಅದರಿಂದ ತೊಳೆದು ಬಫರ್ ಒಂದೇ ನಿಮಿಷ ಹಾಯಿಸಿದರೆ ಪದರ ಪೂರ್ತಿ ಕೂರುವ ಮೊದಲೇ ವೋಲ್ಟೇಜ್ ಬಿದ್ದಿರುತ್ತದೆ. ಹೊಸ ಕ್ಯಾಪಿಲ್ಲರಿಗೆ 1 ಮೋಲಾರ್ ಹೈಡ್ರಾಕ್ಸೈಡ್ 20ರಿಂದ 30 ನಿಮಿಷ, ಶುದ್ಧ ನೀರು 10 ನಿಮಿಷ, ಬಫರ್ 15 ನಿಮಿಷ. ರನ್‌ಗಳ ನಡುವೆ ಬಫರ್ ಮಾತ್ರ, 2ರಿಂದ 3 ನಿಮಿಷ. 1 ಬಾರ್ ಒತ್ತಡದಲ್ಲಿ ಈ ಕ್ಯಾಪಿಲ್ಲರಿ ಸುಮಾರು 18 ಸೆಕೆಂಡಿಗೊಮ್ಮೆ ತುಂಬಿ ಖಾಲಿಯಾಗುತ್ತದೆ, ಅಂದರೆ 2 ನಿಮಿಷಕ್ಕೆ ಆರು ಸಲಕ್ಕಿಂತ ಹೆಚ್ಚು. ಪದರ ಉಳಿಸಿಕೊಳ್ಳಲು ಅಷ್ಟು ಸಾಕು.

ಕೊನೆಗೆ ಪದರದ ಶತ್ರುಗಳು. ಬಫರ್‌ಗೆ ಮೆಥನಾಲ್ ಅಥವಾ ಅಸಿಟೋನೈಟ್ರೈಲ್ ಸೇರಿಸಿದರೆ ಬಾಲಕ್ಕೆ ಬಾಲ ಹಿಡಿಯುವ ಶಕ್ತಿ ಕುಗ್ಗಿ ಎರಡನೇ ಪದರ ಸಡಿಲವಾಗುತ್ತದೆ. ಪ್ರಮಾಣ ಹೆಚ್ಚಿದರೆ ಹರಿವು ಸಹಜ ದಿಕ್ಕಿಗೇ ಮರಳೀತು. ಅದಕ್ಕಿಂತ ಗಂಭೀರ ಶತ್ರು ಸಾಬೂನು. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆಯ ಪುಡಿ, ಎಸ್‌ಡಿಎಸ್ ಎಲ್ಲವೂ ಋಣ ಸರ್ಫ್ಯಾಕ್ಟೆಂಟ್‌ಗಳು. ಟಿಟಿಎಬಿ ಜೊತೆ ಸೇರಿ ಬಿಳಿ ಮಬ್ಬು ಕಟ್ಟಿ ಅದನ್ನು ನುಂಗಿಹಾಕುತ್ತವೆ. ವಯಲ್‌ಗಳನ್ನು ಡಿಟರ್ಜೆಂಟಿನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬಿಸಿ ಶುದ್ಧ ನೀರು ಸಾಕು. ಮಿಸೆಲ್ ವಿಧಾನಕ್ಕೆ ಎಸ್‌ಡಿಎಸ್ ಕಂಡ ಕ್ಯಾಪಿಲ್ಲರಿಯನ್ನು ಈ ಕೆಲಸಕ್ಕೆ ತರಬೇಡಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಬಾವಿಯಿಂದ ಬಂದ ಮಾದರಿಯ ಮೇಲೂ ಇದೇ ಗುಮಾನಿ ಇರಲಿ.

## ಲಕ್ಷಣ: ಸಮಯ ರನ್‌ನಿಂದ ರನ್‌ಗೆ ಜಾರುತ್ತಿದೆ

ಇಲ್ಲಿ ಹೆಚ್ಚಿನವರು ಕ್ಲೋರೈಡ್ ಪೀಕ್ ಒಂದನ್ನೇ ನೋಡಿ ದಾರಿ ತಪ್ಪುತ್ತಾರೆ. ನೀರಿನ ಗುಳಿಯನ್ನೂ ಜೊತೆಗಿಟ್ಟು ನೋಡಿ.

ಇಒಎಫ್ 4ರಿಂದ 3ಕ್ಕೆ ಇಳಿದರೆ ಕ್ಲೋರೈಡ್ 126 ಸೆಕೆಂಡಿನಿಂದ 138ಕ್ಕೆ ಹೋಗುತ್ತದೆ, ಶೇಕಡಾ 9ರಷ್ಟು. ನೀರಿನ ಗುಳಿ 375ರಿಂದ 500ಕ್ಕೆ ಜಿಗಿಯುತ್ತದೆ, ಶೇಕಡಾ 33ರಷ್ಟು. ಗುಳಿ ಕ್ಲೋರೈಡ್‌ಗಿಂತ ಬಹಳ ಹೆಚ್ಚು ಸರಿದಿದ್ದರೆ ದೋಷ ಗೋಡೆಯದು. ಎರಡೂ ಒಂದೇ ಶೇಕಡಾವಾರು ಸರಿದಿದ್ದರೆ ತಾಪಮಾನ, ವೋಲ್ಟೇಜ್ ಅಥವಾ ಉದ್ದದ ತಪ್ಪು. ತಾಪಮಾನ ಒಂದು ಡಿಗ್ರಿ ಏರಿದರೆ ದ್ರವ ತೆಳುವಾಗಿ ಎಲ್ಲ ಚಲನಶೀಲತೆಯೂ ಸುಮಾರು ಶೇಕಡಾ 2 ಏರುತ್ತದೆ, ಕರೆಂಟೂ ಅಷ್ಟೇ ಏರುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಏಸಿ ನಿಂತು, ಯಂತ್ರ ಮಾತ್ರ ಯುಪಿಎಸ್ ಮೇಲೆ ಓಡುವ ಕಡೆಗಳಲ್ಲಿ ಎಪ್ರಿಲ್-ಮೇ ತಿಂಗಳಲ್ಲಿ ಕಾಣುವ ಜಾರುವಿಕೆಗೆ ಕಾರಣ ಬಹುತೇಕ ಇದೇ.

ಗೋಡೆಯದೇ ದೋಷ ಎಂದಾದರೆ, ಸಮಯ ಕಡಿಮೆಯಾಗುತ್ತ ಒಂದು ಕಡೆ ನಿಂತರೆ ಹೊಸ ಕ್ಯಾಪಿಲ್ಲರಿಯಲ್ಲಿ ಪದರ ಇನ್ನೂ ಕೂರುತ್ತಿದೆ ಎಂದರ್ಥ. ಮೊದಲ ಕೆಲವು ರನ್ ಬಿಟ್ಟುಬಿಡಿ. ಹೆಚ್ಚುತ್ತಲೇ ಹೋದರೆ ಪದರ ಕರಗುತ್ತಿದೆ. ಗದ್ದೆ ನೀರು, ಎಲೆ ಕೊಳೆತ ಕೆರೆ ನೀರಿನ ಹ್ಯೂಮಿಕ್ ಆಮ್ಲಗಳು ಋಣ, ಗೋಡೆ ಧನ. ಅವು ಅಂಟದೆ ಇರುವುದಿಲ್ಲ. ಬೊಂಡದ ನೀರಿನ ಪ್ರೋಟೀನ್‌ಗಳಲ್ಲಿ ಋಣವಾದವೂ ಹಾಗೆಯೇ. ಇಂಥ ಮಾದರಿಯ ನಡುವೆ ಗೊತ್ತಿರುವ ಸ್ಟ್ಯಾಂಡರ್ಡ್ ಒಂದನ್ನು ಓಡಿಸುತ್ತಿದ್ದರೆ ಯಾವ ಮಾದರಿಯ ಮೇಲೆ ಜಾರಿತು ಎಂಬುದು ಕೂಡಲೇ ಗೊತ್ತಾಗುತ್ತದೆ. ಜಾರಿದ ಕ್ಯಾಪಿಲ್ಲರಿಗೆ ಹೈಡ್ರಾಕ್ಸೈಡ್, ನೀರು, 15 ನಿಮಿಷ ಬಫರ್ ಕೊಟ್ಟು ಪದರವನ್ನು ಮೊದಲಿನಿಂದ ಕೂರಿಸಿ.

ವಯಲ್‌ಗಳನ್ನೂ ಮರೆಯಬೇಡಿ. ಧನ ಎಲೆಕ್ಟ್ರೋಡ್ ಬಳಿ ನೀರು ವಿಭಜನೆಯಾಗಿ ಆಮ್ಲ ಹುಟ್ಟುತ್ತದೆ, ಋಣದ ಬಳಿ ಕ್ಷಾರ. ಪಿಎಚ್ 8ರಲ್ಲಿ ಕ್ರೋಮೇಟ್‌ಗೆ ಪಿಎಚ್ ಹಿಡಿದಿಡುವ ಶಕ್ತಿ ಕಡಿಮೆ. ಡಿಟೆಕ್ಟರ್ ಕಡೆಯ ವಯಲ್‌ನಲ್ಲಿ ಹಳದಿ ಬಣ್ಣ ಕಿತ್ತಳೆಯತ್ತ ವಾಲಿದ್ದರೆ ಪಿಎಚ್ 6.5ರತ್ತ ಇಳಿದಿದೆ, ಎರಡೂ ವಯಲ್ ಬದಲಿಸಿ. ಬಣ್ಣ ಬದಲಾಗುವವರೆಗೆ ಕಾಯದೆ ನಾಲ್ಕೈದು ರನ್‌ಗೊಮ್ಮೆ ಬದಲಿಸುವುದು ಒಳ್ಳೆಯ ಪದ್ಧತಿ. ಎರಡು ವಯಲ್‌ಗಳ ದ್ರವಮಟ್ಟ ಒಂದೇ ಇರಲಿ, ಇಲ್ಲವಾದರೆ ಎತ್ತರದ ವ್ಯತ್ಯಾಸಕ್ಕೆ ದ್ರವ ತಾನಾಗಿ ಹರಿದು ಇಒಎಫ್‌ನ ವೇಷ ಹಾಕುತ್ತದೆ.

## ಲಕ್ಷಣ: ಕರೆಂಟು ಸೊನ್ನೆ, ಕುಣಿತ, ಅಥವಾ ಚಟಪಟ ಸದ್ದು

ಸೊನ್ನೆಯಾದರೆ ಗುಳ್ಳೆ, ಕಟ್ಟಿದ ದಾರಿ ಅಥವಾ ಮುರಿದ ಕ್ಯಾಪಿಲ್ಲರಿ. ವೋಲ್ಟೇಜ್ ತೆಗೆದು 1 ಬಾರ್ ಒತ್ತಡದಲ್ಲಿ ನೀರು ಹಾಯಿಸಿ, ಹೊರತುದಿಯನ್ನು ಖಾಲಿ ವಯಲ್‌ನಲ್ಲಿಡಿ. ಒಂದು ನಿಮಿಷಕ್ಕೆ 8 ಮೈಕ್ರೋಲೀಟರ್‌ಗಿಂತ ಹೆಚ್ಚು, ಅಂದರೆ ಕಣ್ಣಿಗೆ ಕಾಣುವ ಹನಿ ಬರಬೇಕು. 50 ಮೈಕ್ರೋಮೀಟರ್ ಕ್ಯಾಪಿಲ್ಲರಿಯಾದರೆ 2 ಮೈಕ್ರೋಲೀಟರ್‌ಗಿಂತ ಕಡಿಮೆ, ಆದ್ದರಿಂದ ಹೆಚ್ಚು ಹೊತ್ತು ಕಾಯಿರಿ. ಹನಿ ಬಂದರೆ ಇದ್ದದ್ದು ಗುಳ್ಳೆ. ಬಫರ್‌ನ ಗಾಳಿ ತೆಗೆದು ಮತ್ತೆ ತುಂಬಿ. ಬಾರದಿದ್ದರೆ ತುದಿಗಳಲ್ಲಿ ಹಳದಿ ಹರಳು ಒಣಗಿದೆಯೇ ನೋಡಿ, ಬೆಚ್ಚಗಿನ ನೀರಿನಲ್ಲಿ ತುದಿ ನೆನೆಸಿ. ಆಗಲೂ ತೆರೆಯದಿದ್ದರೆ ಒಳತುದಿಯಿಂದ ಕೆಲವು ಮಿಲಿಮೀಟರ್ ಕತ್ತರಿಸಿ, ಹೊಸ ಉದ್ದವನ್ನು ಲೆಕ್ಕಕ್ಕೆ ಸೇರಿಸಿ. ರಾತ್ರಿ ಯಂತ್ರ ಬಿಡುವಾಗ ಕ್ಯಾಪಿಲ್ಲರಿಯನ್ನು ನೀರಿನಿಂದ ತೊಳೆದು ತುದಿಗಳನ್ನು ನೀರಿನ ವಯಲ್‌ನಲ್ಲಿಟ್ಟರೆ ಈ ಕಷ್ಟವೇ ಬಾರದು.

ಕರೆಂಟು ಇರಬೇಕಾದ್ದಕ್ಕಿಂತ ಹೆಚ್ಚಾಗಿ ಕುಣಿಯುತ್ತಿದ್ದರೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಸೋರಿಕೆ ಕ್ಯಾಪಿಲ್ಲರಿಯ ಹೊರಗಿರಬಹುದು. ಕಡಲ ಗಾಳಿಯ ಉಪ್ಪು, ಎಲೆಕ್ಟ್ರೋಡ್ ಸುತ್ತ ಚೆಲ್ಲಿ ಒಣಗಿದ ಬಫರ್, ಮಳೆಗಾಲದ ತೇವ ಮೂರೂ ಸೇರಿದರೆ ಇನ್ಸುಲೇಟರ್‌ನ ಮೈಮೇಲೇ ಕರೆಂಟು ಹರಿಯುತ್ತದೆ. ಪರೀಕ್ಷೆ ಹೀಗೆ: ಕ್ಯಾಪಿಲ್ಲರಿಯೊಳಗೆ ಗಾಳಿ ತುಂಬಿ, ಮುಚ್ಚಳ ಹಾಕಿ, ಸಾಫ್ಟ್‌ವೇರ್ ಮೂಲಕ 5 ಕಿಲೋವೋಲ್ಟ್‌ನಿಂದ ಶುರುಮಾಡಿ ನಿಧಾನಕ್ಕೆ ಏರಿಸಿ. ದಾರಿ ಇಲ್ಲದಿರುವಾಗ ಕರೆಂಟು ಸೊನ್ನೆಯೇ ಇರಬೇಕು. ಏನಾದರೂ ತೋರಿಸಿದರೆ ಅದು ಹೊರಗಿನ ಸೋರಿಕೆ. ಪ್ಲಗ್ ಕಿತ್ತು, ಎಲೆಕ್ಟ್ರೋಡ್ ಮತ್ತು ಸುತ್ತಲಿನ ಭಾಗವನ್ನು ಶುದ್ಧ ನೀರಿನಿಂದ, ಆಮೇಲೆ ಮೆಥನಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಿ. ಮೆಥನಾಲ್ ವಾಸನೆ ಸಂಪೂರ್ಣ ಹೋಗುವವರೆಗೆ ವೋಲ್ಟೇಜ್ ಕೊಡಬಾರದು, ಕಿಡಿ ತಗುಲಿದರೆ ಬೆಂಕಿ. ಕೋಣೆಯಲ್ಲಿ ತೇವ ತೆಗೆಯುವ ಯಂತ್ರ ಇದ್ದರೆ ಕೆಲಸ ಶುರುಮಾಡುವ ಮೊದಲೇ ಅದನ್ನು ಓಡಿಸಿಡಿ.

ಚಟಪಟ ಸದ್ದು, ಓಝೋನ್ ವಾಸನೆ, ನೀಲಿ ಕಿಡಿ ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಿ. ಒರೆಸಿ ಒಣಗಿಸಿದ ಮೇಲೂ ಮರುಕಳಿಸಿದರೆ ಇದು ನಿಮ್ಮ ಕೆಲಸವಲ್ಲ, ಎಂಜಿನಿಯರ್ ಕೆಲಸ.

## ಲಕ್ಷಣ: ಖಾಲಿ ಮಾದರಿಯಲ್ಲೂ ಕ್ಲೋರೈಡ್, ಬ್ರೋಮೈಡ್ ಜಾಗದಲ್ಲಿ ಗಲಿಬಿಲಿ

ಬೆವರಿನ ಬೆರಳು ವಯಲ್‌ನ ಬಾಯಿಗೆ ತಾಗಿದರೆ ಸಾಕು, ಕ್ಲೋರೈಡ್ ಬರುತ್ತದೆ. ಪಿಎಚ್ ಎಲೆಕ್ಟ್ರೋಡ್ ಇನ್ನೊಂದು ಮೂಲ. ಅದರೊಳಗಿನ ಪೊಟ್ಯಾಸಿಯಂ ಕ್ಲೋರೈಡ್ ಸೋರುತ್ತದೆ. ಎಲೆಕ್ಟ್ರೋಡನ್ನು ಬಫರ್ ಬಾಟಲಿಗೆ ಅದ್ದಬೇಡಿ, ಸ್ವಲ್ಪ ಬೇರೆ ತೆಗೆದು ಅಳೆದು ಚೆಲ್ಲುವ ಬಾಟಲಿಗೆ ಹಾಕಿ. ಪಿಎಚ್ ಸರಿಪಡಿಸಲು ಹೈಡ್ರೋಕ್ಲೋರಿಕ್ ಆಮ್ಲ ಬೇಡವೇ ಬೇಡ.

ಬ್ರೋಮೈಡ್ ಗಲಿಬಿಲಿಯ ಮೂಲ ಟಿಟಿಎಬಿಯೇ. ಅದರ ಜೊತೆ 0.5 ಮಿಲಿಮೋಲಾರ್ ಬ್ರೋಮೈಡ್ ಬಫರ್‌ಗೆ ಬಂದಿರುತ್ತದೆ. ಮಾದರಿಯ ಬ್ರೋಮೈಡ್ ಅಳೆಯಬೇಕಿದ್ದರೆ ಅಯಾನು ವಿನಿಮಯ ರಾಳದಿಂದ ಹೈಡ್ರಾಕ್ಸೈಡ್ ರೂಪಕ್ಕೆ ಬದಲಿಸಿದ ಸರ್ಫ್ಯಾಕ್ಟೆಂಟ್ ಬಳಸಿ.

ಸರ್ಫ್ಯಾಕ್ಟೆಂಟ್ ಹೆಚ್ಚು ಹಾಕಿದರೆ ಹರಿವು ಇನ್ನೂ ಚೆನ್ನಾಗಿ ತಿರುಗೀತು ಎಂದು ಎಣಿಸಬೇಡಿ. ಅಯೊಡೈಡ್, ಥಯೋಸಯನೇಟ್, ಸ್ವಲ್ಪ ಮಟ್ಟಿಗೆ ನೈಟ್ರೇಟ್ ಕೂಡ, ಸರ್ಫ್ಯಾಕ್ಟೆಂಟ್ ಜೊತೆ ಜೋಡಿ ಕಟ್ಟಿ ನಿಧಾನವಾಗುತ್ತವೆ, ಪೀಕ್‌ಗಳ ಕ್ರಮವೇ ಬದಲಾಗಬಹುದು.

## ಲಕ್ಷಣ: ಪೀಕ್ ತ್ರಿಕೋನವಾಗಿದೆ, ಪಕ್ಕದ್ದನ್ನು ನುಂಗಿದೆ

ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಪಕ್ಕದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುವುದುಂಟು. ಅಂಥ ಮಾದರಿ ಬಫರ್‌ಗಿಂತ ಹೆಚ್ಚು ವಿದ್ಯುತ್ ವಾಹಕವಾಗಿರುತ್ತದೆ, ಹಾಗಾಗಿ ಅಯಾನುಗಳು ಒತ್ತಿಕೊಳ್ಳುವ ಬದಲು ಹರಡಿಕೊಳ್ಳುತ್ತವೆ. ಕ್ಲೋರೈಡ್ ದೊಡ್ಡ ತ್ರಿಕೋನವಾಗಿ ಸಲ್ಫೇಟ್, ನೈಟ್ರೇಟನ್ನು ಮುಚ್ಚುತ್ತದೆ. ಹತ್ತು ಪಟ್ಟು ತೆಳು ಮಾಡಿ, ಸಾಲದಿದ್ದರೆ ಐವತ್ತು ಪಟ್ಟು. ಬೊಂಡದ ನೀರಿಗೆ ಪೊಟ್ಯಾಸಿಯಂ ಜೊತೆ ಕ್ಲೋರೈಡ್ ಧಾರಾಳ, ಅದಕ್ಕೆ ನೂರು ಪಟ್ಟಿನಿಂದ ಶುರುಮಾಡಿ, ಮೊದಲು 0.45 ಮೈಕ್ರೋಮೀಟರ್ ಸೋಸುಕದಲ್ಲಿ ಹಾಯಿಸಿ. ಮುರಕಲ್ಲಿನ ಗುಡ್ಡ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಲವಣ ಕಡಿಮೆಯ ಮೆದು ನೀರು. ಅದನ್ನು ತೆಳು ಮಾಡದೆ ಕೊಟ್ಟರೂ ಪೀಕ್ ಚೂಪಾಗಿಯೇ ಬರುತ್ತದೆ. ಸುರಂಗದ ನೀರಿಗೂ ಪೀಕ್ ಬಾಲ ಎಳೆದರೆ ತಪ್ಪು ಮಾದರಿಯದಲ್ಲ. ಕ್ಯಾಪಿಲ್ಲರಿಯ ತುದಿ ನೇರವಾಗಿ ಕತ್ತರಿಸಿಲ್ಲ, ಇಲ್ಲವೇ ಇಂಜೆಕ್ಷನ್ ಹೆಚ್ಚಾಗಿದೆ. 50 ಮಿಲಿಬಾರ್, 5 ಸೆಕೆಂಡ್ ಎಂದರೆ ಸುಮಾರು 36 ನ್ಯಾನೋಲೀಟರ್. ಅದಕ್ಕಿಂತ ಹೆಚ್ಚು ಬೇಡ.

## ಸರ್ಫ್ಯಾಕ್ಟೆಂಟ್‌ನಿಂದ ನಿಲ್ಲದಿದ್ದರೆ

ಹ್ಯೂಮಿಕ್ ಮಾದರಿಗಳೇ ಹೆಚ್ಚಿದ್ದು ಪದರ ಮತ್ತೆ ಮತ್ತೆ ಕರಗುತ್ತಿದ್ದರೆ ಗಟ್ಟಿ ಲೇಪನ ನೋಡಬಹುದು. ಎರಡು ಬಾಲದ ಸರ್ಫ್ಯಾಕ್ಟೆಂಟ್ ಡಿಡಿಎಬಿ (ಡೈಡೋಡೆಸೈಲ್ ಡೈಮೀಥೈಲ್ ಅಮೋನಿಯಂ ಬ್ರೋಮೈಡ್), 0.1 ಮಿಲಿಮೋಲಾರ್ ದ್ರಾವಣ ಕೆಲವು ನಿಮಿಷ ಹಾಯಿಸಿ ಹೆಚ್ಚಿದ್ದನ್ನು ತೊಳೆದರೂ ಹಲವು ರನ್‌ವರೆಗೆ ನಿಲ್ಲುತ್ತದೆ. ಇನ್ನೂ ಗಟ್ಟಿಯಾದದ್ದು ಪಾಲಿಬ್ರೀನ್ (ಧನ ಪಾಲಿಮರ್), ಡೆಕ್ಸ್‌ಟ್ರಾನ್ ಸಲ್ಫೇಟ್ (ಋಣ ಪಾಲಿಮರ್), ಮತ್ತೆ ಪಾಲಿಬ್ರೀನ್ ಎಂದು ಒಂದರ ಮೇಲೊಂದು ಕೂರಿಸುವ ಮೂರು ಪದರ. ಪಾಲಿಮರ್ ಕಂಡ ಕ್ಯಾಪಿಲ್ಲರಿಯನ್ನು ಮತ್ತೆ ಸಹಜ ಹರಿವಿನ ಕೆಲಸಕ್ಕೆ ಬಳಸಬೇಡಿ. ಎಷ್ಟು ತೊಳೆದರೂ ನೆನಪು ಉಳಿಯುತ್ತದೆ. ಅದರ ಕ್ಯಾಸೆಟ್ ಮೇಲೆ ಬರೆದಿಡಿ.

## ಸುರಕ್ಷತೆ

ಕ್ರೋಮೇಟ್ ಆರನೇ ವೇಲೆನ್ಸಿಯ ಕ್ರೋಮಿಯಂ. ಕ್ಯಾನ್ಸರ್ ತರುವ ವಸ್ತು, ಚರ್ಮಕ್ಕೂ ಕಂಟಕ. ಪುಡಿಯನ್ನು ಹುಡ್‌ನೊಳಗೆ ಕೈಗವಸು ಹಾಕಿ ತೂಗಿ. ತ್ಯಾಜ್ಯವನ್ನು ಸಿಂಕಿಗೆ ಸುರಿಯಲೇಬೇಡಿ. ಈ ಊರುಗಳಲ್ಲಿ ಹೊಂಡಕ್ಕೆ ಇಳಿದ ನೀರು ತೂತುತೂತಾದ ಮುರಕಲ್ಲಿನ ಮೂಲಕ ಹತ್ತಿರದ ಬಾವಿಗೇ ಸೇರುತ್ತದೆ, ನಾಳೆ ಮಾದರಿಯಾಗಿ ಬರುವುದೂ ಅದೇ ಬಾವಿಯ ನೀರು. ಹೆಸರು ಬರೆದ ಬಾಟಲಿಯಲ್ಲಿ ಸಂಗ್ರಹಿಸಿ ಸಂಸ್ಥೆಯ ಅಪಾಯಕಾರಿ ತ್ಯಾಜ್ಯ ವ್ಯವಸ್ಥೆಗೆ ಕೊಡಿ. ಟಿಟಿಎಬಿ, ಸಿಟಿಎಬಿ ಪುಡಿ ಕಣ್ಣಿಗೆ ಅಪಾಯ, ಜಲಚರಗಳಿಗೆ ವಿಷ. ಕ್ಯಾಪಿಲ್ಲರಿ ಕತ್ತರಿಸುವಾಗ ಕನ್ನಡಕ ಕಡ್ಡಾಯ. ಮುಚ್ಚಳದ ಸುರಕ್ಷತಾ ಸ್ವಿಚ್ಚನ್ನು ಯಾವ ಕಾರಣಕ್ಕೂ ಕಟ್ಟಿಹಾಕಬೇಡಿ.

## ಎಂಜಿನಿಯರ್ ಕರೆಯುವ ಮುನ್ನ ಒಂದೇ ಪರೀಕ್ಷೆ

ಬರಿಯ ಹೊಸ ಕ್ಯಾಪಿಲ್ಲರಿ ಹಾಕಿ. ಸರ್ಫ್ಯಾಕ್ಟೆಂಟ್ ಇಲ್ಲದ 20 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 7. ಧ್ರುವ ಸಹಜ ದಿಕ್ಕಿಗೆ, ಇಂಜೆಕ್ಷನ್ ತುದಿ ಧನ. ಮಾದರಿಗೆ ನೀರಿನಲ್ಲಿ ಅರ್ಧ ಶೇಕಡಾ ಅಸಿಟೋನ್. ಅಸಿಟೋನ್ ಪೀಕ್ ಕೆಲವೇ ನಿಮಿಷದಲ್ಲಿ ಬಂದು, ಮೂರು ಸಲವೂ ಒಂದೇ ಜಾಗದಲ್ಲಿ ನಿಂತರೆ ವೋಲ್ಟೇಜ್, ಇಂಜೆಕ್ಷನ್, ಡಿಟೆಕ್ಟರ್ ಮೂರೂ ಸರಿ. ಆಗ ಉಳಿದದ್ದು ಧ್ರುವ ಬದಲಿಸುವ ಭಾಗ. ಅದೇ ಕ್ಯಾಪಿಲ್ಲರಿಗೆ ಟಿಟಿಎಬಿ ಬಫರ್ 15 ನಿಮಿಷ ಹಾಯಿಸಿ, ಧ್ರುವ ತಿರುಗಿಸಿ, ಅಸಿಟೋನನ್ನೇ ಮತ್ತೆ ಓಡಿಸಿ. 6 ನಿಮಿಷದ ಆಸುಪಾಸಿನಲ್ಲಿ ಬಂದರೆ ಯಂತ್ರಕ್ಕೆ ದೋಷವಿಲ್ಲ, ನಿಮ್ಮ ಹಳೆಯ ಬಫರ್ ಮತ್ತು ಹಳೆಯ ಕ್ಯಾಪಿಲ್ಲರಿಯನ್ನು ಒಂದೊಂದಾಗಿ ಮರಳಿ ಹಾಕಿ ತಪ್ಪಿತಸ್ಥನನ್ನು ಹುಡುಕಿ. ಮೊದಲ ಪರೀಕ್ಷೆಯಲ್ಲಿ ಬಂದ ಅಸಿಟೋನ್ ಎರಡನೆಯದರಲ್ಲಿ ಬಾರದೆ, ಹೊಸ ಬಫರ್‌ನಲ್ಲೂ ಬಾರದೆ ಹೋದರೆ ಧ್ರುವ ಬದಲಾಗುತ್ತಿಲ್ಲ ಎಂಬ ಅನುಮಾನಕ್ಕೆ ಆಧಾರ ಸಿಕ್ಕಿತು. ವೋಲ್ಟೇಜ್ ಪೆಟ್ಟಿಗೆಯನ್ನು ನೀವಾಗಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಎರಡೂ ಪರೀಕ್ಷೆಗಳ ಗ್ರಾಫ್, ಪ್ರತಿ ರನ್‌ನ ಕರೆಂಟಿನ ಗೆರೆ, ಕ್ಯಾಪಿಲ್ಲರಿಯ ಉದ್ದ ಮತ್ತು ವ್ಯಾಸ, ಗಾಳಿ ತುಂಬಿ ಮಾಡಿದ ಸೋರಿಕೆ ಪರೀಕ್ಷೆಯ ಅಂಕಿ ಇಷ್ಟನ್ನು ಮೊದಲೇ ಕಳುಹಿಸಿದರೆ ಎಂಜಿನಿಯರ್ ಬರುವಾಗ ಸರಿಯಾದ ಬಿಡಿಭಾಗವನ್ನು ಜೊತೆಗೇ ತರಬಹುದು.